ಹರಿಯುವ ನೀರಿನಲ್ಲಿ ಕ್ರಾಪಿ ಮೀನಿಗೆ ಕೈಯಲ್ಲಿ ಕಟ್ಟಿದ ಜಿಗ್

ಅಮೆರಿಕದ ಟೆನ್ನೆಸ್ಸೀ ನದಿಯಲ್ಲಿ ಏಪ್ರಿಲ್‌ನ ಒಂದು ಇಡೀ ದಿನ ನೀವೇ ಕಟ್ಟಿದ ಜಿಗ್‌ಗಳನ್ನು (ತೂಕದ ತಲೆಯಿರುವ ಕೊಕ್ಕೆಗೆ ಗರಿ ಕಟ್ಟಿದ ಕೃತಕ ಎರೆಗಳನ್ನು) ಬಳಸಿದರೂ ಎರಡೇ ಕ್ರಾಪಿ ಸಿಕ್ಕವೆಂದು ಬರೆದು, ತಪ್ಪು ಬಣ್ಣದಲ್ಲಿದೆಯೇ ಎಂದು ಕೇಳಿದ್ದೀರಿ. ಬಣ್ಣವನ್ನು ಸದ್ಯಕ್ಕೆ ಬದಿಗಿಟ್ಟು ಮೊದಲು ಆಳ, ತೂಕ ಮತ್ತು ಗರಿಯ ಪ್ರಮಾಣವನ್ನು ಪರೀಕ್ಷಿಸಿರೆಂದು ನನ್ನ ಸಲಹೆ.

ಕ್ರಾಪಿ ಸೆಳವಿನ ನಟ್ಟನಡುವೆ ನಿಲ್ಲುವ ಮೀನಲ್ಲ. ನೀರು 16ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ ಅದು ಮೊಟ್ಟೆಯಿಡಲು ದಡದ ಕಡೆಗೆ, ಬಿದ್ದ ಮರಗಳ ಮರೆಗೆ, ಹಿನ್ನೀರಿನ ನಿಶ್ಚಲ ಮಡುಗಳಿಗೆ ಬರುತ್ತದೆ. ತನಗಿಂತ ಮೇಲಿರುವ ಆಹಾರವನ್ನೇ ಅದು ಹೆಚ್ಚಾಗಿ ಗಮನಿಸುವುದರಿಂದ, ಜಿಗ್ ಮೀನಿಗಿಂತ ಒಂದು ಗೇಣು ಕೆಳಗಿಳಿದರೂ ನಿಮ್ಮ ಶ್ರಮವೆಲ್ಲ ವ್ಯರ್ಥ. ನಿಂತ ನೀರಿಗೆ 1/32 ಔನ್ಸ್, ಅಂದರೆ ಸುಮಾರು 0.9 ಗ್ರಾಂ, ತೂಕದ ಜಿಗ್ ಸಾಕು. ಸೆಳವಿನ ಅಂಚಿನಲ್ಲಿ 1/16 ಔನ್ಸ್ ಬೇಕಾಗುತ್ತದೆ.

ಕಟ್ಟುವಾಗ ನಾನೂ ಬಹುಕಾಲ ಗರಿಯನ್ನು ಅತಿಯಾಗಿ ತುಂಬುತ್ತಿದ್ದೆ. ಮರಬೂ ಎಂಬ ಮೃದುವಾದ ಗರಿಯ ಒಂದು ಸಣ್ಣ ಚಿಟಿಕೆಯನ್ನಷ್ಟೇ ತೆಗೆದುಕೊಂಡು, ನಾಲಿಗೆಗೆ ತಾಗಿಸಿದ ಬೆರಳುಗಳಿಂದ ಅದನ್ನು ಒದ್ದೆ ಮಾಡಿ ನೋಡಿ: ಬೆಂಕಿಕಡ್ಡಿಯಷ್ಟು ತೆಳುವಾದರೆ ಸರಿ, ಪೆನ್ಸಿಲ್‌ನಷ್ಟು ದಪ್ಪ ಉಳಿದರೆ ಅದು ನೀರಿನಲ್ಲಿ ಉಸಿರಾಡುವಂತೆ ಅಲುಗುವುದಿಲ್ಲ. ಗರಿಯ ಬಾಲ ಕೊಕ್ಕೆಯ ದಂಡದಷ್ಟೇ ಉದ್ದವಿರಲಿ. ಉದ್ದವಾದರೆ ಮೀನು ತುದಿಯನ್ನಷ್ಟೇ ಕಚ್ಚಿ ಬಿಡುತ್ತದೆ.

ಕಚ್ಚಿದ ಮೇಲೆ ಜೋರಾಗಿ ಎಳೆಯಬೇಡಿ, ಅದರ ಬಾಯಿಯ ಪೊರೆ ಕಾಗದದಂತೆ ಹರಿಯುತ್ತದೆ. ಹೊರಡುವ ಮುನ್ನ ಆ ನದಿಯ ಅಣೆಕಟ್ಟೆಗಳನ್ನು ನಿರ್ವಹಿಸುವ ಸಂಸ್ಥೆಯಾದ ಟೆನ್ನೆಸ್ಸೀ ವ್ಯಾಲಿ ಅಥಾರಿಟಿ ಪ್ರಕಟಿಸುವ ಅಣೆಕಟ್ಟೆಯ ನೀರು ಬಿಡುಗಡೆಯ ವಿವರವನ್ನು ದಯವಿಟ್ಟು ನೋಡಿಕೊಳ್ಳಿ, ಏಕೆಂದರೆ ಬೆಳಿಗ್ಗೆ ಮಡುವಾಗಿದ್ದ ಜಾಗ ಮಧ್ಯಾಹ್ನಕ್ಕೆ ಸೆಳವಾಗಿರಬಹುದು.