ಎಕ್ಸ್‌ಸಿಆರ್ ಏರ್ ಹಾಕಿಸಲೋ, ಜೂಡಿ ಹಾಕಿಸಲೋ? ಮೊದಲು ಟೇಪ್ ತನ್ನಿ

ನಿಮ್ಮ ಪ್ರಶ್ನೆ ಓದಿ ನನ್ನ ಬಲ ಭುಜ ಸಣ್ಣಗೆ ನೋಯಿತು, ಸುಳ್ಳಲ್ಲ. 30 ಸಾವಿರದ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಸೈಕಲ್), 27.5 ಇಂಚಿನ ಚಕ್ರ, ಮುಂದಿನ ಚಕ್ರ ಹಿಡಿದು ಕುಲುಕು ನುಂಗೋಕೆ ಸನ್‌ಟೂರ್ ಎಕ್ಸ್‌ಸಿಟಿ ಅನ್ನೋ ಸ್ಪ್ರಿಂಗ್ ಫೋರ್ಕ್, ಭಾನುವಾರ ಆದರೆ ಬೆಂಗಳೂರು ಪಕ್ಕದ ಆವಲಹಳ್ಳಿ ಕಾಡು, ಕೈ ಜೋಮು ಹಿಡಿಯುತ್ತೆ, ಅದಕ್ಕೆ ಸ್ಪ್ರಿಂಗ್ ಬದಲು ಗಾಳಿ ತುಂಬುವ ಏರ್ ಫೋರ್ಕ್ ಬೇಕು, ಎಕ್ಸ್‌ಸಿಆರ್ ಏರೋ ರಾಕ್‌ಶಾಕ್ಸ್ ಜೂಡಿಯೋ, ಹೊಸದೋ ಸೆಕೆಂಡ್‌ಹ್ಯಾಂಡೋ, ಫೋರ್ಕ್ ಕುಸಿಯೋಕೆ 100 ಮಿಮೀ ಸಾಕೋ 120 ಬೇಕೋ, ಜೊತೆಗೆ ಸ್ಟೆಮ್ಮೂ (ಹ್ಯಾಂಡಲ್ಲನ್ನ ಫೋರ್ಕಿಗೆ ಕೂಡಿಸುವ ತುಂಡು) ಹ್ಯಾಂಡಲ್ಲೂ ಬದಲಿಸಲಾ. ಸೈಕಲ್ಲಿನ ಬಣ್ಣ ಒಂದು ಬಿಟ್ಟರೆ ಇದು ನಾಲ್ಕು ವರ್ಷದ ಹಿಂದಿನ ನಾನೇ.

ನಾನು ಆಗ ಮೂರು ತಿಂಗಳು ಬರೀ ಓದಿದೆ. ಆಫೀಸಿನಲ್ಲಿ ಕೂತು ಫೋರ್ಕ್ ಓದುವುದು, ಮನೆಗೆ ಬಂದು ಫೋರ್ಕ್ ನೋಡುವುದು. ಹೊಸದರ ಬೆಲೆ ನೋಡಿ ಎದೆ ಒಡೆದು, ಕೊನೆಗೆ ಯಾರೋ ಮಾರುತ್ತಿದ್ದ ಹಳೇ ಏರ್ ಫೋರ್ಕ್ ಒಂದನ್ನು 11 ಸಾವಿರಕ್ಕೆ ಕುದುರಿಸಿದೆ. ಎಷ್ಟು ಹುಷಾರಾಗಿ ತಗೊಂಡೆ ಗೊತ್ತಾ? ಚಕ್ರದ ಅಳತೆ ಕೇಳಿದೆ, 27.5, ಸರಿ. ಆಕ್ಸಲ್ (ಚಕ್ರದ ಅಚ್ಚು) ಕೇಳಿದೆ, ಹಳೇ 9 ಮಿಮೀ ಕ್ವಿಕ್ ರಿಲೀಸ್, ನನ್ನ ಚಕ್ರದ ಹಬ್‌ಗೆ ಸರಿ. ಡಿಸ್ಕ್ ಬ್ರೇಕ್ ಕೂರುವ ಜಾಗ ಕೇಳಿದೆ, ಸರಿ. ಸ್ಟೀರರ್ ಅನ್ನೋ ಪೈಪು ನೇರವಾ, ಟೇಪರ್ಡಾ (ಕೆಳಗೆ ದಪ್ಪಗಾಗುವಂಥದ್ದಾ) ಅಂತಲೂ ಕೇಳಿದೆ, ಮೇಲಿಂದ ಕೆಳಗಿನವರೆಗೂ 28.6 ಮಿಮೀ, ನೇರ. ಸ್ಟ್ಯಾಂಕ್ಷನ್ (ಫೋರ್ಕಿನ ಒಳಗೆ ಹೊರಗೆ ಜಾರುವ ನುಣುಪು ಕಾಲು) ಮೇಲೆ ಉಗುರು ಓಡಿಸಿ ಗೀರು ಇದೆಯಾ ಅಂತ ನೋಡಿದೆ. ಗಾಳಿ ತುಂಬಿಸಿ, ಅವರ ಮನೆಯಲ್ಲೇ ಕಾಫಿ ಕುಡಿದು, ಅರ್ಧ ಗಂಟೆ ಬಿಟ್ಟು ಪ್ರೆಷರ್ ಇಳಿದಿದೆಯಾ ಅಂತ ಮತ್ತೆ ನೋಡಿದೆ. ಮಾರುವವರು ಪಾಪ, ಒಳ್ಳೇ ಮನುಷ್ಯ. ಕೇಳಿದ್ದಕ್ಕೆಲ್ಲ ನಿಜ ಹೇಳಿದರು.

ಕೇಳದೇ ಇದ್ದದ್ದು ಒಂದೇ. ಸ್ಟೀರರ್ ಎಷ್ಟು ಉದ್ದ?

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ಫೋರ್ಕಿನ ತಲೆಯಿಂದ ಮೇಲಕ್ಕೆ ಒಂದು ಪೈಪು ಎದ್ದಿರುತ್ತಲ್ಲ, ಅದೇ ಸ್ಟೀರರ್. ಅದು ಫ್ರೇಮಿನ ಮುಂತುದಿಯ ಹೆಡ್ ಟ್ಯೂಬ್ ಅನ್ನೋ ಕೊಳವೆಯೊಳಗೆ ತೂರಿ, ಮೇಲೆ ಹೊರಬಂದು, ಸ್ಟೆಮ್ ಅದನ್ನ ಕಚ್ಚಿ ಹಿಡಿಯಬೇಕು. ಹೊಸ ಫೋರ್ಕಿನಲ್ಲಿ ಈ ಪೈಪು ಬೇಕಂತಲೇ ಉದ್ದ ಇರುತ್ತೆ. ನಿಮ್ಮ ಸೈಕಲ್ಲಿಗೆ ಎಷ್ಟು ಬೇಕೋ ಅಷ್ಟಕ್ಕೆ ಗರಗಸ ಹಾಕಿ ಕೊಯ್ಯುತ್ತಾರೆ. ಅಂದರೆ ಸೆಕೆಂಡ್‌ಹ್ಯಾಂಡ್ ಫೋರ್ಕ್ ಬೇರೆ ಯಾರದೋ ಮೈಗೆ ಹೊಲಿಸಿದ ಪ್ಯಾಂಟು. ಮೊದಲಿನವರ ಫ್ರೇಮು ಚಿಕ್ಕದಿದ್ದರೆ ಪೈಪೂ ಚಿಕ್ಕದು. ಉದ್ದ ಇದ್ದರೆ ಕೊಯ್ಯಬಹುದು, ಗಿಡ್ಡ ಇದ್ದರೆ ಬೆಳೆಸೋಕೆ ಆಗಲ್ಲ.

ಲೆಕ್ಕ ಕೂಡ ಹೇಳಿಬಿಡ್ತೀನಿ. ನನ್ನದು ದೊಡ್ಡ ಸೈಜಿನ ಫ್ರೇಮು, ಹೆಡ್ ಟ್ಯೂಬ್ 140 ಮಿಮೀ. ಹೆಡ್‌ಸೆಟ್ ಅಂದರೆ ಆ ಕೊಳವೆಯ ಎರಡೂ ಬಾಯಿಗೆ ಕೂರುವ ಬೇರಿಂಗ್, ಕೆಳಗಿನದು 12, ಮೇಲಿನದು 14. ಸ್ಟೆಮ್ಮಿನ ಎತ್ತರ 40. ಒಟ್ಟು 206. ಪೈಪಿನ ತುದಿ ಸ್ಟೆಮ್ಮಿನ ಮೇಲಂಚಿಗಿಂತ ಸುಮಾರು 3 ಮಿಮೀ ಕೆಳಗಿರಬೇಕು, ಇಲ್ಲದಿದ್ದರೆ ಟಾಪ್ ಕ್ಯಾಪ್ (ಮೇಲಿನ ಮುಚ್ಚಳ) ಬಿಗಿ ಮಾಡಿದಾಗ ಬೇರಿಂಗ್ ಟೈಟ್ ಆಗಲ್ಲ. ಅದನ್ನ ಕಳೆದರೆ 203 ಬೇಕು. ನಾನು ಹೊತ್ತು ತಂದಿದ್ದರಲ್ಲಿ ಇದ್ದದ್ದು 182.

ಶನಿವಾರ ರಾತ್ರಿ, ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು, ಹಳೇ ಫೋರ್ಕ್ ಬಿಚ್ಚಿ ಇದನ್ನ ತೂರಿಸಿದೆ. ಹೆಡ್‌ಸೆಟ್ ಮೇಲೆ ಬೆರಳ ಒಂದು ಗೆಣ್ಣಿಗಿಂತ ಕಡಿಮೆ ಪೈಪು ಇಣುಕಿತು. 16 ಮಿಮೀ. ಸ್ಟೆಮ್ ಕೆಳಗಿನ ಸ್ಪೇಸರ್ ಬಳೆಗಳನ್ನೆಲ್ಲ ತೆಗೆದಾಗಿತ್ತು, ಇನ್ನು ತೆಗೆಯೋಕೆ ಏನೂ ಇಲ್ಲ. ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಸ್ಟೆಮ್ ಕೂರಿಸಿದೆ, ಎರಡು ಬೋಲ್ಟಿನಲ್ಲಿ ಕೆಳಗಿನದು ಪೈಪು ಹಿಡಿಯಿತು, ಮೇಲಿನದು ಬರೀ ಗಾಳಿ ಹಿಡಿಯಿತು. ಟಾಪ್ ಕ್ಯಾಪಿನ ಬೋಲ್ಟ್ ಪೈಪಿನೊಳಗಿನ ಸ್ಟಾರ್ ನಟ್‌ಗೆ ಎಟಕಲಿಲ್ಲ ಅಂತ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿ ಮುಚ್ಚುವ ಮುಂಚೆ ಓಡಿ ಉದ್ದನೆಯ ಎಂ6 ಬೋಲ್ಟ್ ತಂದೆ. ಹತ್ತು ರೂಪಾಯಿ ಇರಬೇಕು. ಅದನ್ನ ತಿರುಗಿಸುವಾಗ ನನ್ನ ಬುದ್ಧಿವಂತಿಕೆಗೆ ನಾನೇ ಖುಷಿಪಟ್ಟಿದ್ದೆ, ನೆನೆಸಿಕೊಂಡರೆ ಈಗ ನಾಚಿಕೆ. ಮುಂದಿನ ಚಕ್ರವನ್ನ ಮೊಣಕಾಲ ಮಧ್ಯೆ ಸಿಕ್ಕಿಸಿ ಹ್ಯಾಂಡಲ್ ತಿರುಚಿ ನೋಡಿದೆ. ಅಲ್ಲಾಡಲಿಲ್ಲ. ನಾಳೆ ಹೊರಡೋಣ ಅಂದುಕೊಂಡು ಮಲಗಿದೆ.

ಮೊದಲ 20 ನಿಮಿಷ ಸ್ವರ್ಗ, ಒಪ್ಪಿಕೊಳ್ತೀನಿ. ನೀಲಗಿರಿ ಮರದ ಬೇರುಗಳ ಮೇಲೆ ಹೋದರೂ ಕೈಗೆ ಟಕಟಕ ಅಂತ ಬರ್ತಾ ಇರಲಿಲ್ಲ. ಆಮೇಲೆ ಒಂದು ಇಳಿಜಾರು, ಕೆಳಗೆ ಎಡಕ್ಕೆ ತಿರುವು, ತಿರುವಿನಲ್ಲೇ ಎರಡು ದಪ್ಪ ಬೇರು. ಮುಂದಿನ ಬ್ರೇಕ್ ಒತ್ತಿ ಹ್ಯಾಂಡಲ್ ಎಡಕ್ಕೆ ಎಳೆದೆ. ಹ್ಯಾಂಡಲ್ ಎಡಕ್ಕೆ ಬಂತು. ಚಕ್ರ ನೇರ ಹೋಯಿತು.

ಬಲಭುಜದ ಮೇಲೆ ಬಿದ್ದೆ. ಕಾಲರ್ ಬೋನ್ ಮುರಿಯಿತು. ಆರು ವಾರ ಕೈ ಜೋಲಿಯಲ್ಲಿ, ಎಡಗೈಯಲ್ಲಿ ಅನ್ನ ಸಾರು. ಆಸ್ಪತ್ರೆ, ಫಿಸಿಯೋ, ಅದೂ ಇದೂ ಸೇರಿ ಖರ್ಚಾದ ದುಡ್ಡಿನಲ್ಲಿ ಅಂಗಡಿಯಿಂದ ಹೊಸ ಫೋರ್ಕೇ ತರಬಹುದಿತ್ತು. ಮನೆಯವರು ಇದನ್ನ ತಿಂಗಳಿಗೆ ಒಂದು ಸಲವಾದರೂ ನೆನಪಿಸುತ್ತಾರೆ.

ಇನ್ನೊಂದು ಮಾತು. ಪರಿಚಯದವರೊಬ್ಬರು, "ಪೀಣ್ಯದಲ್ಲಿ ಲೇತ್ ಕೆಲಸದವರಿಗೆ ಕೊಡು, ಒಳಗೊಂದು ಪೈಪ್ ಇಟ್ಟು ಉದ್ದ ಮಾಡಿ ವೆಲ್ಡ್ ಮಾಡಿಕೊಡ್ತಾರೆ" ಅಂದರು. ದಯವಿಟ್ಟು ಅದನ್ನ ಮಾತ್ರ ಮಾಡಬೇಡಿ. ನನ್ನದು ಅಲ್ಯುಮಿನಿಯಂ ಸ್ಟೀರರ್, ವೆಲ್ಡಿಂಗ್ ಬಿಸಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತೆ, ಆಮೇಲೆ ಅದು ಮುರಿದರೆ ಭುಜ ಅಲ್ಲ, ಹಲ್ಲು ಹೋಗೋದು. ಪೈಪು ಮಾತ್ರ ಬದಲಿಸೋಣ ಅಂದರೂ ಆಗಲ್ಲ, ಅದನ್ನ ಕ್ರೌನಿಗೆ, ಅಂದರೆ ಫೋರ್ಕಿನ ತಲೆಗೆ, ಪ್ರೆಸ್ ಮಾಡಿ ಕೂರಿಸಿರುತ್ತಾರೆ. ಕ್ರೌನು, ಸ್ಟೀರರ್, ಮೇಲಿನ ಕಾಲುಗಳು ಮೂರೂ ಒಂದೇ ತುಂಡಾಗಿ ಬರಬೇಕು, ಅದರ ಬೆಲೆ ಕೇಳಿದ ಮೇಲೆ ಯಾರೂ ತಗೊಳ್ಳಲ್ಲ.

ಸರಿ, ಈಗ ನಿಮ್ಮ ವಿಷಯ. ಎಕ್ಸ್‌ಸಿಆರ್ ಏರ್ ಅಥವಾ ಜೂಡಿ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಆ ಸೈಕಲ್ಲಿಗೆ ಎರಡೂ ಬೇಡ. ಸೈಕಲ್ ಬೆಲೆಯ ಅರ್ಧದಷ್ಟು ದುಡ್ಡು ಮೂತಿಗೆ ಹಾಕಿದರೆ ಉಳಿದ ಮೈ ಹಾಗೇ ಇರುತ್ತಲ್ಲ. ಮಾರುವಾಗ ಫೋರ್ಕಿಗೆ ಯಾರೂ ಬೇರೆ ದುಡ್ಡು ಕೊಡಲ್ಲ. ಅಷ್ಟು ದುಡ್ಡು ಇದೆ ಅಂದರೆ ಇದನ್ನ ಮಾರಿ, ಅದನ್ನೂ ಸೇರಿಸಿ, ಮೊದಲೇ ಏರ್ ಫೋರ್ಕೂ ಹೈಡ್ರಾಲಿಕ್ ಬ್ರೇಕೂ ಇರುವ ಹಳೇ ಸೈಕಲ್ ತಗೊಳ್ಳಿ.

ಕೈ ಜೋಮು ಅಂದಿರಲ್ಲ, ಟೈರಿನಲ್ಲಿ ಗಾಳಿ ಎಷ್ಟಿದೆ? ನಾನು ಆಗ ಪೆಟ್ರೋಲ್ ಬಂಕಿನಲ್ಲಿ 50 ಪಿಎಸ್‌ಐ ತುಂಬಿಸಿಕೊಂಡು ಹೋಗ್ತಾ ಇದ್ದೆ, ಕಲ್ಲು ಚಕ್ರ! 70 ಕೆಜಿ ಆಸುಪಾಸಿನವರಿಗೆ, 2.2 ಇಂಚಿನ ಟೈರಿಗೆ, ಟ್ಯೂಬ್ ಇದ್ದರೂ 30ರ ಹತ್ತಿರ ಸಾಕು. ಅರ್ಧ ಜೋಮು ಅಲ್ಲೇ ಹೋಗುತ್ತೆ. ಆಮೇಲೆ ನಿಮ್ಮ ಈಗಿನ ಫೋರ್ಕಿನ ಆ ಪ್ರಿಲೋಡ್ ಗುಂಡಿ. ಅದನ್ನ ತಿರುಗಿಸಿದರೆ ಸ್ಪ್ರಿಂಗ್ ಮೃದು ಆಗುತ್ತೆ, ಗಟ್ಟಿ ಆಗುತ್ತೆ ಅಂತ ಎಲ್ಲರೂ ಅಂದುಕೊಳ್ತಾರೆ. ಇಲ್ಲ. ಸ್ಪ್ರಿಂಗ್ ಅದೇ ಇರುತ್ತೆ, ನೀವು ಕೂತಾಗ ಎಷ್ಟು ಕುಸಿಯುತ್ತೆ ಅನ್ನೋದು ಮಾತ್ರ ಬದಲಾಗುತ್ತೆ. ಫೋರ್ಕಿನ ಕಾಲಿಗೆ ಸಣ್ಣ ಜಿಪ್ ಟೈ ಕಟ್ಟಿ ಮೆತ್ತಗೆ ಕೂತು ನೋಡಿ, 100ರಲ್ಲಿ 20–25 ಮಿಮೀ ಕುಸಿಯಬೇಕು. ಕುಸಿಯಲೇ ಇಲ್ಲ ಅಂದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಗಟ್ಟಿ, ಅಥವಾ ಒಳಗೆ ಎರಡು ಮಳೆಗಾಲದ ಕೆಸರು ಸೇರಿಕೊಂಡಿದೆ. ಬಿಚ್ಚಿಸಿ, ಒರೆಸಿ, ಸಸ್ಪೆನ್ಷನ್ ಗ್ರೀಸ್ ಹಚ್ಚಿಸಿ. ನನ್ನ ಹಳೇ ಫೋರ್ಕಿಗೆ ಮೂರು ವರ್ಷದಲ್ಲಿ ಮೊದಲ ಸಲ ಇದನ್ನ ಮಾಡಿಸಿದ್ದು ಭುಜ ಮುರಿದುಕೊಂಡ ಮೇಲೆ. ಅದು ಬೇರೆ ಫೋರ್ಕೇ ಆಯಿತು.

120 ಮಿಮೀ ಬಗ್ಗೆ: 100ಕ್ಕೆ ಮಾಡಿದ ಫ್ರೇಮಿಗೆ 20 ಜಾಸ್ತಿ ಹಾಕಿದರೆ ಮುಂಭಾಗ ಎದ್ದು ಹೆಡ್ ಆ್ಯಂಗಲ್ (ಹೆಡ್ ಟ್ಯೂಬಿನ ಓರೆ) ಹೆಚ್ಚುಕಡಿಮೆ ಒಂದು ಡಿಗ್ರಿ ಮಲಗುತ್ತೆ, ಏರು ದಾರಿಯಲ್ಲಿ ಚಕ್ರ ಅಲೆದಾಡುತ್ತೆ, ಫ್ರೇಮಿನ ಮೇಲೂ ಒತ್ತಡ ಜಾಸ್ತಿ. ಅಮೆರಿಕದ ಡುರಾಂಗೋದಲ್ಲಿ 1990ರ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ಪಿನ ಡೌನ್‌ಹಿಲ್ (ಇಳಿಜಾರಿನ ಓಟ) ಸ್ಪರ್ಧೆಯನ್ನ ಗ್ರೆಗ್ ಹರ್ಬೋಲ್ಡ್ ಗೆದ್ದಿದ್ದು ಎರಡಿಂಚು ಕೂಡ ಆಡದ ರಾಕ್‌ಶಾಕ್ಸ್ ಮೇಲೆ. ನಮ್ಮ ಆವಲಹಳ್ಳಿಗೆ 100 ಧಾರಾಳ. ಸ್ಟೆಮ್ಮು, ಹ್ಯಾಂಡಲ್ಲು ಸುಮ್ನೆ ಶೋಕಿ. ದುಡ್ಡು ಕೆರೆಯುತ್ತಿದ್ದರೆ ಬ್ರೇಕಿಗೆ ಹಾಕಿ.

ಇಷ್ಟಾದರೂ ಕೇಳಲ್ಲ ಅಂತ ಗೊತ್ತು, ನಾನೂ ಕೇಳಿರಲಿಲ್ಲ. ಹಾಗಾದರೆ ಎಕ್ಸ್‌ಸಿಆರ್ 32 ಏರ್ ತಗೊಳ್ಳಿ. ಜೂಡಿ ಹೆಸರಿಗೆ ಮರುಳಾಗಬೇಡಿ, ಅದರ ಕಾಲು 30 ಮಿಮೀ ದಪ್ಪ, ಇದರದ್ದು 32. ಆದರೆ ಈಗ ಬರುವ ಎಷ್ಟೋ ಫೋರ್ಕು ಟೇಪರ್ಡ್, ನಿಮ್ಮ ಹೆಡ್ ಟ್ಯೂಬಿನ ಕೆಳಗಿನ ಬಾಯಿ ಒಳಗೆ 44 ಮಿಮೀ ಇದ್ದರೆ ಹೆಡ್‌ಸೆಟ್ಟಿನ ಬೇರೆ ಕಪ್ ಹಾಕಿ ಕೂರಿಸಬಹುದು, 34 ಇದ್ದರೆ ಆಸೆ ಬಿಡಿ. ಬೂಸ್ಟ್ ಅಂತ ಬರೆದಿದ್ದರೆ ಆಕ್ಸಲ್ 15 ಮಿಮೀ ದಪ್ಪ, ಹಬ್ ಅಗಲ 110, ನಿಮ್ಮ ಮುಂದಿನ ಚಕ್ರವೇ ಅದರಲ್ಲಿ ಕೂರಲ್ಲ, ಅದನ್ನೂ ಕೊಳ್ಳಬೇಕು. ಸೆಕೆಂಡ್‌ಹ್ಯಾಂಡ್ ಆದರೆ ಮಾರುವವರಿಗೆ ಸ್ಟೀರರ್ ಪಕ್ಕ ಟೇಪ್ ಹಿಡಿದು ಫೋಟೋ ಕಳಿಸಿ ಅನ್ನಿ. ಬಾಯಿಮಾತಿನ ಅಳತೆ ಬೇಡ. ಜೊತೆಗೆ ಶಾಕ್ ಪಂಪ್ ಬೇರೆ ತಗೊಳ್ಳಬೇಕು, ಟೈರ್ ಪಂಪಿನಿಂದ ಆ ಕೆಲಸ ಆಗಲ್ಲ.

ನನ್ನ ಆ 182 ಮಿಮೀ ಫೋರ್ಕ್ ಎರಡು ವರ್ಷ ಅಟ್ಟದ ಮೇಲೆ ಇತ್ತು. ಹೋದ ವರ್ಷ ಮೇಲಿನ ಮನೆಯ ಹುಡುಗಿಗೆ ಕೊಟ್ಟೆ. ಅವಳದ್ದು ಸಣ್ಣ ಸೈಜಿನ ಫ್ರೇಮು, ಹೆಡ್ ಟ್ಯೂಬ್ 105. ತಟ್ಟನೆ ಕೂತಿತು, ಪೈಪು ಉದ್ದ ಆಯಿತು ಅಂತ ಕೆಳಗೆ ಒಂದೂವರೆ ಸೆಂಟಿಮೀಟರ್ ಸ್ಪೇಸರ್ ಬೇರೆ ಹಾಕಿದೆವು.