ವೇಶ್ಯಾವಾಟಿಕೆ ಬಿಡಬೇಕೆನ್ನುವ, ಆಧಾರ್ ಕೂಡ ಇಲ್ಲದ ಮಹಿಳೆಗೆ ಕರ್ನಾಟಕದಲ್ಲಿ ಸರ್ಕಾರದಿಂದ ಏನು ಸಿಗುತ್ತದೆ? ಎಲ್ಲಿಂದ ಶುರು ಮಾಡಬೇಕು?

ಆಧಾರ್ ಕೂಡ ಇಲ್ಲವೆಂದರೆ ಸಾಲ, ಸಹಾಯಧನದ ಮಾತು ಆಮೇಲೆ, ಮೊದಲು ಆಧಾರ್. ವಿಳಾಸದ ದಾಖಲೆ ಇಲ್ಲದಿದ್ದರೂ ಆಗುತ್ತದೆ. ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ 2022ರ ಮೇ 19ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ, ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವೇ ಸಾಕು. ಕಾರ್ಡು ನೋಡಿದವರಿಗೆ ವೃತ್ತಿ ಗೊತ್ತಾಗುವಂಥ ಯಾವ ಗುರುತೂ ಇರಕೂಡದು ಎಂದೂ ಅದರಲ್ಲಿದೆ. ಜಿಲ್ಲಾಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಪರೀಕ್ಷೆ ಮತ್ತು ಸಲಹಾ ಕೇಂದ್ರ) ಕೌನ್ಸೆಲರ್‌ರನ್ನು ಕೇಳಿ, ಪತ್ರ ಮಾಡಿಸಿಕೊಡುವ ಸ್ಥಳೀಯ ಸಂಸ್ಥೆ ಯಾವುದೆಂದು ಹೇಳುತ್ತಾರೆ. ಆಧಾರ್ ಕೇಂದ್ರದ ಕೌಂಟರಿನಲ್ಲಿ ಕೂತವರಿಗೆ ಈ ನಮೂನೆ ಗೊತ್ತಿರದೆ ವಾಪಸ್ ಕಳಿಸಬಹುದು, ಆದೇಶದ ಪ್ರತಿ ಕೈಯಲ್ಲಿರಲಿ.

ಮುಂದೆ ಬ್ಯಾಂಕ್ ಖಾತೆ. ಹಳೆಯ ಖಾತೆಯ ಸಿಮ್, ಎಟಿಎಂ ಕಾರ್ಡು ಘರ್ವಾಲಿಯ (ವೇಶ್ಯಾಗೃಹ ನಡೆಸುವವಳ) ಅಥವಾ ದಲ್ಲಾಳಿಯ ಕೈಯಲ್ಲಿದ್ದರೆ ಬಂದ ಹಣವೂ ಅಲ್ಲಿಗೇ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ ಬೀಳುವುದರಿಂದ, ಹೊಸ ನಂಬರಿನಲ್ಲಿ ಹೊಸ ಖಾತೆ ತೆರೆದು, ಆಧಾರ್ ಅದಕ್ಕೇ ಜೋಡಿಸಿ.

ಆಮೇಲೆ ಮಹಿಳಾ ಅಭಿವೃದ್ಧಿ ನಿಗಮದ 'ಚೇತನ' ಯೋಜನೆ. ಸರ್ಕಾರಿ ಕಡತದಲ್ಲಿ ಇವರನ್ನು 'ದಮನಿತ ಮಹಿಳೆಯರು' ಎನ್ನುತ್ತಾರೆ, ಕಚೇರಿಯಲ್ಲಿ ಹಾಗೇ ಕೇಳಿದರೆ ಮುಜುಗರ ತಪ್ಪುತ್ತದೆ. 18 ದಾಟಿದವರಿಗೆ ಸ್ವಂತ ದುಡಿಮೆಗೆ 30,000 ರೂಪಾಯಿ ಪ್ರೋತ್ಸಾಹಧನ. ಅರ್ಜಿ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ, ವಿಚಾರಣೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ. ವರ್ಷವಿಡೀ ಅರ್ಜಿ ತೆಗೆದುಕೊಳ್ಳುವುದಿಲ್ಲ, ಇಷ್ಟೇ ಜನರಿಗೆ ಎಂಬ ಗುರಿ ಇರುತ್ತದೆ. ಈ ಹಣದಲ್ಲಿ ಹೊಲಿಗೆ ಯಂತ್ರವೋ ತಳ್ಳುಗಾಡಿಯೋ ಆದೀತು. ಮನೆ ಅಡ್ವಾನ್ಸು, ಹಳೆ ಸಾಲ ಎರಡಕ್ಕೂ ಸಾಲದು, ಅದನ್ನು ಅವರಿಗೆ ಮೊದಲೇ ಹೇಳಿ. ಎಚ್‌ಐವಿ ಇರುವವರಿಗೆ ಇದೇ ನಿಗಮದ 'ಧನಶ್ರೀ' ಇದೆ.

ಇವತ್ತೇ ಆ ಮನೆ ಬಿಡಬೇಕಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಇರುವ ಸಖಿ ಕೇಂದ್ರದಲ್ಲಿ 5 ದಿನದವರೆಗೆ ಇರಬಹುದು, ಅಲ್ಲಿಂದ ಶಕ್ತಿ ಸದನಕ್ಕೆ (ಹೆಚ್ಚು ದಿನ ಉಳಿಯಬಹುದಾದ ಆಶ್ರಯಗೃಹ) ಕಳಿಸುತ್ತಾರೆ. ಗಂಡುಮಕ್ಕಳಿದ್ದರೆ ವಯಸ್ಸಿನ ಮಿತಿ ಇದೆ, ಮೊದಲೇ ಕೇಳಿಕೊಳ್ಳಿ.

ಕೋರ್ಟಿನ ಮೂಲಕ ಹೋಗುವ ದಾರಿಯೇ ಬೇರೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಸೆಕ್ಷನ್ 19ರಡಿ ಅವರೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ರಕ್ಷಣಾ ಗೃಹ ಸೇರಬಹುದು, ಆದರೆ ಎಷ್ಟು ಕಾಲ ಎಂಬುದು ಆದೇಶದಲ್ಲಿರುತ್ತದೆ, ಬೇಕೆಂದಾಗ ಹೊರಡಲಾಗದು. ರೇಡಿನಲ್ಲಿ ಸಿಕ್ಕವರನ್ನು ಸೆಕ್ಷನ್ 17ರಡಿ 1ರಿಂದ 3 ವರ್ಷ ಇರಿಸಬಹುದು. ಜೀವಭಯ ಇಲ್ಲದಿದ್ದರೆ ನಾನಂತೂ ಸಖಿ ದಾರಿಯನ್ನೇ ಹೇಳುತ್ತೇನೆ. ಈಗಾಗಲೇ ಕೇಸಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಪುಕ್ಕಟೆ ಕೊಡುತ್ತದೆ, ಮಹಿಳೆಯರಿಗೆ ಆದಾಯ ಮಿತಿ ಇಲ್ಲ. ನಂಬರ್ 15100.