ಮೊಡವೆ ತೆಗೆಯುತ್ತಿದ್ದ ಪೆನ್ಸಿಲ್

(ಸಾಗರದಲ್ಲಿ 1974ರಿಂದ ಸ್ಟುಡಿಯೋ ನಡೆಸುತ್ತಿರುವ ಹಿರಿಯ ಫೋಟೋಗ್ರಾಫರ್ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮಗಳ ಮದುವೆ ಆಲ್ಬಂ ಬಂತು. ಎಲ್ಲರ ಮುಖವೂ ಪಿಂಗಾಣಿ ಗೊಂಬೆ ಥರ ನುಣ್ಣಗಿದೆ. ನನ್ನ ಕೆನ್ನೆಯ ಮಚ್ಚೆಯೇ ಮಾಯ! ನಿಮ್ಮ ಕಾಲದಲ್ಲಿ ಫೋಟೋ ಇದ್ದದ್ದು ಇದ್ದ ಹಾಗೇ ಬರುತ್ತಿತ್ತು, ಅಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ ತಾಯಿ. ನಾವೂ ಅದೇ ಕಳ್ಳ ಕೆಲಸ ಮಾಡಿದವರು. ಆಗ ಕಂಪ್ಯೂಟರ್ ಇರಲಿಲ್ಲ, ಪೆನ್ಸಿಲ್ ಇತ್ತು.

ನೆಗೆಟಿವ್ ಅಂದರೆ ಪ್ರಿಂಟ್ ಹಾಕುವ ಮೂಲ ಫಿಲ್ಮು. ಅದರಲ್ಲಿ ಕಪ್ಪು ಬಿಳುಪು ಎಲ್ಲ ಉಲ್ಟಾ. ಮುಖದ ಕಪ್ಪು ಕಲೆ ಅಲ್ಲಿ ತಿಳಿ ಚುಕ್ಕೆ. ಅದನ್ನು ಪೆನ್ಸಿಲ್ಲಿನಿಂದ ತುಂಬಿದರೆ ಬೆಳಕು ಕಡಿಮೆ ಹಾಯುತ್ತದೆ, ಪ್ರಿಂಟಿನಲ್ಲಿ ಕಲೆ ಹೋಗುತ್ತದೆ. ಗಟ್ಟಿ ಸೀಸದ ಪೆನ್ಸಿಲ್ಲನ್ನು ಬ್ಲೇಡಿನಲ್ಲಿ ಹೆರೆದು, ಉಪ್ಪುಕಾಗದಕ್ಕೆ ಉಜ್ಜಿ ಸೂಜಿ ಮಾಡಿಕೊಳ್ಳುತ್ತಿದ್ದೆ. ಗೆರೆ ಎಳೆಯೋ ಹಾಗಿಲ್ಲ. ಅಲ್ಪವಿರಾಮ ಹಾಕಿದ ಹಾಗೆ ಮುಟ್ಟಿ ಮುಟ್ಟಿ ಬಿಡಬೇಕು. ಕೈ ಜಾಸ್ತಿ ಆಯಿತೋ, ಕೆನ್ನೆಗೆ ಸುಣ್ಣ ಸಿಡಿದಂತೆ ಕಾಣುತ್ತಿತ್ತು. ಬಿಳಿ ಕೂದಲು ಕಪ್ಪು ಮಾಡಲು ನೆಗೆಟಿವನ್ನೇ ಬ್ಲೇಡಿನ ತುದಿಯಿಂದ ಹೆರೆಯಬೇಕಿತ್ತು. ತಪ್ಪಿದರೆ ಗಿರಾಕಿಯನ್ನು ಮತ್ತೆ ಕರೆಸೋದೇ ಗತಿ.

ಒಮ್ಮೆ ಗಂಡಿನ ಕಡೆಗೆ ಕಳಿಸೋ ಫೋಟೋ. ‘ಮುಖ ಸ್ವಲ್ಪ ಬೆಳ್ಳಗೆ ಮಾಡಿ’ ಎಂದರು ಹುಡುಗಿಯ ತಂದೆ. ನೆಗೆಟಿವ್ ಚಿತ್ರವನ್ನು ದೊಡ್ಡದು ಮಾಡಿ ಪ್ರಿಂಟ್ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್ ಕೆಳಗೆ, ತಂತಿಗೆ ಅಂಟಿಸಿದ ರಟ್ಟಿನ ಚೂರನ್ನು ಮುಖದ ಮೇಲೆ ಆಡಿಸಿದೆ. ನೆರಳು ಬಿದ್ದಷ್ಟು ಮುಖ ಬೆಳ್ಳಗಾಯಿತು. ಕೈ ಮಾತ್ರ ಇದ್ದ ಬಣ್ಣದಲ್ಲೇ ಉಳಿಯಿತು. ಗಂಡಿನ ಅಜ್ಜಿ ಫೋಟೋ ನೋಡಿ, ‘ಈ ಕೈ ಯಾರದ್ದು?’ ಎಂದರಂತೆ. ಸಂಬಂಧ ಕೂಡಿಬಂತು, ನನ್ನ ಪುಣ್ಯ.

ಆದರೆ ಮಚ್ಚೆಗೆ ನಾನು ಯಾವತ್ತೂ ಕೈ ಹಾಕಲಿಲ್ಲ. ಮೊಡವೆ ಹೋಗುವಂಥದ್ದು, ಮಚ್ಚೆ ಇರುವಂಥದ್ದು. ಫೋಟೋಗ್ರಾಫರ್ ಹತ್ತಿರ ಮೂಲ ಫೈಲ್ ಇರುತ್ತದೆ. ಕೇಳಿ, ಮಚ್ಚೆ ವಾಪಸ್ ತರಿಸಿಕೊಳ್ಳಿ.

ಪ್ರಶ್ನೆ: ಅಪ್ಪನ ಟ್ರಂಕಿನಲ್ಲಿ ಚೌಕಾಕಾರದ ಕಪ್ಪುಬಿಳುಪು ನೆಗೆಟಿವ್‌ಗಳು ಸಿಕ್ಕಿವೆ. ಬೂಸ್ಟು ಹಿಡಿದಿದೆ. ಎಸೆಯಲೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಡ, ಬೇಡ! ನೀರಲ್ಲೂ ತೊಳೆಯಬೇಡಿ. ಚಿತ್ರ ಹಿಡಿದಿಡುವ ಜಿಲೆಟಿನ್ ಪದರ ಬೂಸ್ಟು ತಿಂದಿದ್ದರೆ ಕರಗಿ ಚಿತ್ರವೇ ಎದ್ದು ಹೋಗಬಹುದು. ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಒರೆಸಿ. ಒಂದೊಂದನ್ನೂ ಕಾಗದದ ಕವರಿಗೆ ಹಾಕಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿಡಿ. ಆಮೇಲೆ ಸ್ಕ್ಯಾನ್ ಮಾಡಿಸಿ. ಅವು 120 ಎಂಬ ಅಳತೆಯ ಫಿಲ್ಮ್ ರೋಲಿನವು ಇರಬೇಕು, ರೋಲಿಗೆ ಹನ್ನೆರಡೇ ಚಿತ್ರ. ಅಂಚಿನಲ್ಲಿ ‘ಇಂದು’ ಎಂದಿದ್ದರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಮಾಲು. 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ, ಈಗಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಂಗಡಿ ಬದಲಿಸುವಾಗ ನಾನೇ ಮೂರು ಗೋಣಿಚೀಲ ನೆಗೆಟಿವ್ ಗುಜರಿಗೆ ಹಾಕಿದೆ. ಅದರಲ್ಲಿ ಬೆಳ್ಳಿ ಸಿಗುತ್ತದೆ ಅಂತ ಗುಜರಿಯವನು ಖುಷಿಯಿಂದ ಕೊಂಡ. ಮರುವಾರವೇ ಒಬ್ಬಾಕೆ ಬಂದು, ತೀರಿಹೋದ ತಾಯಿಯ ಫೋಟೋ ಇನ್ನೊಂದು ಪ್ರತಿ ಬೇಕು ಎಂದರು. ರಸೀತಿ ಸಂಖ್ಯೆ ಕೂಡ ಜೋಪಾನವಾಗಿ ತಂದಿದ್ದರು.

ಪ್ರಶ್ನೆ: ಡಿಜಿಟಲ್ ಬಂದಾಗ ಬೇಸರ ಆಗಲಿಲ್ಲವೇ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಹೊಟ್ಟೆಗೆ ಭಯ ಆಯಿತು. 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ನೋಡಿದ್ದ ಕೊಡಾಕ್ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ನನ್ನನ್ನು ಪಾಸ್‌ಪೋರ್ಟ್ ಫೋಟೋ ಕಾಪಾಡಿತು. ಬೆರಳಿಗಂತೂ ಬೇಸರವಿಲ್ಲ. ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿದ್ದ ಮೆಟಾಲ್ ಎಂಬ ರಾಸಾಯನಿಕ ತಾಗಿ ತಾಗಿ ತುದಿ ಒಡೆದು, ಊಟಕ್ಕೆ ಕೂತರೆ ಸಾರು ಉರಿಯುತ್ತಿತ್ತು. ಈಗ ಉರಿಯೋದಿಲ್ಲ.